ಮೂರು ಮನೆ, ಮೂರು ಮಕ್ಕಳು: ಮಗು ಮಾತು ಕಲಿಯುವುದನ್ನು ಕೇಳಿಸಿಕೊಂಡ ರೋಜರ್ ಬ್ರೌನ್

ಮಗುವಿನ ಮಾತಿನ ವಿಷಯಕ್ಕೆ ಬಂದರೆ ನಮ್ಮಲ್ಲಿ ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಇನ್ನೂ ಮಾತು ಬಂದಿಲ್ಲವೇ? ನಾಲಿಗೆಗೆ ಬಜೆ ತೇಯ್ದು ಹಚ್ಚಿ ಎನ್ನುತ್ತಾರೆ ಅಜ್ಜಿ. ಗಂಡು ಮಗು ತಾನೇ, ತಡವಾಗುತ್ತದೆ ಬಿಡಿ ಎನ್ನುತ್ತಾರೆ ಪಕ್ಕದ ಮನೆಯವರು. ಮನೆಯಲ್ಲಿ ಎರಡು ಮೂರು ಭಾಷೆ ಬೆರೆಸಿದ್ದೇ ತಪ್ಪಾಯಿತು ಎನ್ನುತ್ತಾರೆ ಮತ್ತೊಬ್ಬರು. ತಪ್ಪು ಮಾತನ್ನು ಆಗಿಂದಾಗ್ಗೆ ತಿದ್ದದಿದ್ದರೆ ಅದೇ ಗಟ್ಟಿಯಾಗಿಬಿಡುತ್ತದೆ ಎಂಬ ಭಯ ಅಪ್ಪನಿಗೆ.

ಇವುಗಳಲ್ಲಿ ಯಾವುದು ನಿಜ, ಯಾವುದು ಬರೀ ನಂಬಿಕೆ? ಅದನ್ನು ತಿಳಿಯಲು ಇರುವ ದಾರಿ ಒಂದೇ. ಯಾರಾದರೂ ಮಕ್ಕಳಿರುವ ಮನೆಗೆ ಹೋಗಿ, ತಿಂಗಳುಗಟ್ಟಲೆ ಕೂತು, ಮಗು ನಿಜಕ್ಕೂ ಏನು ಹೇಳುತ್ತದೆ, ದೊಡ್ಡವರು ಅದಕ್ಕೆ ಏನು ಹೇಳುತ್ತಾರೆ ಎಂದು ಕೇಳಿಸಿಕೊಳ್ಳಬೇಕು. ಆ ಕೆಲಸಕ್ಕೆ ಒಂದು ಶಿಸ್ತಿನ ಮಾದರಿ ಹಾಕಿಕೊಟ್ಟವರು ಅಮೆರಿಕದ ಮನೋವಿಜ್ಞಾನಿ ರೋಜರ್ ಬ್ರೌನ್.

ಆದರೆ ಈ ಕೆಲಸದ ಮೊದಲ ಹೆಜ್ಜೆಯಲ್ಲೇ ಒಂದು ಕಷ್ಟದ ಪ್ರಶ್ನೆ ಇದೆ. ಯಾವ ಮನೆಗೆ ಹೋಗಬೇಕು? ಯಾವ ಮಗುವನ್ನು ಆರಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು? ಬಾಗಿಲು ತೆರೆದ ಮನೆಯವರನ್ನು ಹೇಗೆ ನಡೆಸಿಕೊಳ್ಳಬೇಕು? ಇವತ್ತು ಬೆಂಗಳೂರಿನ ಸುಂಕದಕಟ್ಟೆಯ ಒಂದು ಮಗುವಿನ ಮಾತು ಸರಿಯಾಗಿ ಬೆಳೆಯುತ್ತಿದೆಯೇ ಎಂದು ಹೇಳುವಾಗಲೂ ಈ ಪ್ರಶ್ನೆಗೆ ಸಿಕ್ಕ ಉತ್ತರ ಕೆಲಸ ಮಾಡುತ್ತಿರುತ್ತದೆ. ಬ್ರೌನ್ ಅವರ ಬದುಕನ್ನು ನೋಡಿದರೆ ಅದು ಹೇಗೆ ಎಂದು ಗೊತ್ತಾಗುತ್ತದೆ.

ನೌಕಾಪಡೆಯಿಂದ ಮನೋವಿಜ್ಞಾನಕ್ಕೆ

ರೋಜರ್ ಬ್ರೌನ್ ಹುಟ್ಟಿದ್ದು 1925ರ ಏಪ್ರಿಲ್ 14ರಂದು, ಅಮೆರಿಕದ ಡೆಟ್ರಾಯ್ಟ್ ನಗರದಲ್ಲಿ. ಅವರ ಬಾಲ್ಯ ಕಳೆದದ್ದು 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ನಡುವೆ ಬಂತು. ನೌಕಾಪಡೆ ಸೇರಿ ಪೆಸಿಫಿಕ್ ಸಾಗರದಲ್ಲಿ ಸೇವೆ ಸಲ್ಲಿಸಿದರು. ಹಡಗಿನಲ್ಲಿದ್ದಾಗ ಜಾನ್ ವಾಟ್ಸನ್ ಬರೆದ ವರ್ತನಾವಾದದ ಪುಸ್ತಕ ಓದಿ ಮನೋವಿಜ್ಞಾನದ ಕಡೆ ಮನಸ್ಸು ತಿರುಗಿತು. ಆ ಪುಸ್ತಕ ಹೇಳುವಂತೆ ಮನುಷ್ಯನ ಎಲ್ಲ ಕಲಿಕೆಯೂ ಅಭ್ಯಾಸದಿಂದಲೇ ಆಗುತ್ತದೆ. ಮುಂದೆ ಬ್ರೌನ್ ಅವರ ಕೆಲಸವೇ ಮಾತಿನ ವಿಷಯದಲ್ಲಿ ಈ ಮಾತು ಸಾಲದು ಎಂದು ತೋರಿಸಿಕೊಟ್ಟಿತು.

ಯುದ್ಧ ಮುಗಿದ ಮೇಲೆ ಮಿಶಿಗನ್‌ಗೆ ಮರಳಿ 1952ರಲ್ಲಿ ಪಿಎಚ್.ಡಿ. ಪಡೆದರು. ನಂತರ ಹಾರ್ವರ್ಡ್‌ಗೆ ಬಂದು ಜೆರೋಮ್ ಬ್ರೂನರ್ ಅವರ ಗುಂಪಿನಲ್ಲಿ ಕೆಲಸ ಮಾಡಿದರು. 1957ರಿಂದ 1962ರವರೆಗೆ ಎಂಐಟಿಯಲ್ಲಿದ್ದು ಮತ್ತೆ ಹಾರ್ವರ್ಡ್‌ಗೆ ಮರಳಿದರು. ಮುಂದಿನ ವೃತ್ತಿಜೀವನವೆಲ್ಲ ಅಲ್ಲೇ ಕಳೆಯಿತು.

ಮಿಶಿಗನ್‌ನಲ್ಲಿ ಓದುವ ದಿನಗಳಲ್ಲೇ ಅವರಿಗೆ ಆಲ್ಬರ್ಟ್ ಗಿಲ್ಮನ್ ಜೊತೆಯಾದರು. ಗಿಲ್ಮನ್ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರು, ಶೇಕ್ಸ್‌ಪಿಯರ್ ವಿದ್ವಾಂಸರು. ಇಬ್ಬರೂ ನಲವತ್ತು ವರ್ಷ ಸಂಗಾತಿಗಳಾಗಿ ಬಾಳಿದರು. 1960ರಲ್ಲಿ ಇಬ್ಬರೂ ಸೇರಿ ಬರೆದ ಒಂದು ಪ್ರಬಂಧ ಕನ್ನಡಿಗರಿಗೆ ತಟ್ಟನೆ ಅರ್ಥವಾಗುವಂಥದ್ದು. ಅದರ ವಿಷಯ, ಯುರೋಪಿನ ಭಾಷೆಗಳಲ್ಲಿ ಯಾರಿಗೆ ‘ನೀನು’ ಅನ್ನುತ್ತಾರೆ, ಯಾರಿಗೆ ‘ನೀವು’ ಅನ್ನುತ್ತಾರೆ ಎಂಬುದು. ಅಧಿಕಾರ ಮತ್ತು ಸಲುಗೆ ಎಂಬ ಎರಡು ಎಳೆಗಳು ಈ ಪುಟ್ಟ ಪದಗಳಲ್ಲಿ ಹೆಣೆದುಕೊಂಡಿರುತ್ತವೆ ಎಂದು ಅವರು ತೋರಿಸಿದರು. ಮೇಲಿನವರು ಕೆಳಗಿನವರಿಗೆ ನೀನು ಎಂದು, ಕೆಳಗಿನವರು ಮೇಲಿನವರಿಗೆ ನೀವು ಎಂದು ಹೇಳುವಲ್ಲಿ ಅಧಿಕಾರವಿದೆ. ಇಬ್ಬರೂ ಒಬ್ಬರಿಗೊಬ್ಬರು ನೀನು ಎನ್ನುವಲ್ಲಿ ಸಲುಗೆಯಿದೆ. ಸಂಶೋಧಕರು ಒಂದು ಮನೆಯ ಬಾಗಿಲು ತಟ್ಟಿದಾಗ ಈ ಎರಡೂ ಎಳೆಗಳು ಎದುರಾಗುತ್ತವೆ ಎನ್ನುವುದನ್ನು ನೆನಪಿಟ್ಟುಕೊಳ್ಳಿ.

ಎಲ್ಲೂ ಇಲ್ಲದ ಪ್ರಾಣಿಯ ಹೆಸರು

1958ರಲ್ಲಿ ಬ್ರೌನ್ ಅವರ ವಿದ್ಯಾರ್ಥಿನಿ ಜೀನ್ ಬರ್ಕೊ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಹಕ್ಕಿಯಂತಿರುವ ಒಂದು ಕಲ್ಪಿತ ಪ್ರಾಣಿಯ ಚಿತ್ರ ತೋರಿಸಿ, ಇದರ ಹೆಸರು ‘ವಗ್’ ಎಂದು ಮಕ್ಕಳಿಗೆ ಹೇಳುವುದು. ಆಮೇಲೆ ಅಂಥವೇ ಎರಡನ್ನು ತೋರಿಸಿ, ಈಗ ಏನಿವೆ ಎಂದು ಕೇಳುವುದು. ಮಕ್ಕಳು ಸರಿಯಾದ ಬಹುವಚನವನ್ನೇ ಹೇಳಿದರು. ಆ ಪದವನ್ನು ಅವರು ಹಿಂದೆ ಯಾರ ಬಾಯಲ್ಲೂ ಕೇಳಿರಲು ಸಾಧ್ಯವೇ ಇಲ್ಲ.

ಕನ್ನಡದಲ್ಲಿ ನೀವೇ ಮಾಡಿ ನೋಡಬಹುದು. ‘ಮೀಬು’ ಎಂಬ ಇಲ್ಲದ ವಸ್ತುವಿನ ಚಿತ್ರ ಬರೆದು ಐದು ವರ್ಷದ ಮಗುವಿಗೆ ಕೇಳಿ. ‘ಮೀಬುಗಳು’ ಎಂದರೆ ಮಗು ಆ ಪದವನ್ನು ಯಾರಿಂದಲೂ ನಕಲು ಮಾಡಿಲ್ಲ. ತಾನು ಕೇಳಿದ ಸಾವಿರಾರು ಮಾತಿನಿಂದ ಒಂದು ನಿಯಮವನ್ನು ತಾನೇ ಹೆಕ್ಕಿಕೊಂಡಿದೆ. ಮಗು ಗಿಳಿಯಂತೆ ಕೇಳಿದ್ದನ್ನು ಹೇಳುತ್ತದೆ ಎಂಬ ನಂಬಿಕೆ ಈ ಒಂದು ಪ್ರಯೋಗದ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಮಗು ಆ ನಿಯಮಗಳನ್ನು ಯಾವಾಗ, ಯಾವ ಸರದಿಯಲ್ಲಿ ಹೆಕ್ಕಿಕೊಳ್ಳುತ್ತದೆ? ಒಂದು ದಿನದ ಪ್ರಯೋಗದಿಂದ ಅದು ತಿಳಿಯದು. ಅದೇ ಮಗುವಿನ ಜೊತೆ ವರ್ಷಗಟ್ಟಲೆ ಇರಬೇಕು.

ಅದಕ್ಕೂ ಮುಂಚೆ ಏನಾಗಿತ್ತು?

ಮಕ್ಕಳ ಮಾತಿನ ಬಗ್ಗೆ ಕುತೂಹಲ ಹೊಸದಲ್ಲ. ನಮ್ಮ ದೇಶದಲ್ಲೇ ಅದಕ್ಕೊಂದು ಕರಾಳ ಉದಾಹರಣೆ ಇದೆ. 16ನೇ ಶತಮಾನದಲ್ಲಿ ಮೊಘಲ್ ದೊರೆ ಅಕ್ಬರ್, ಯಾರೂ ಮಾತಾಡಿಸದೆ ಬೆಳೆಸಿದರೆ ಮಕ್ಕಳು ಯಾವ ಭಾಷೆ ಆಡುತ್ತವೆ ಎಂದು ನೋಡಲು ಹಸುಗೂಸುಗಳನ್ನು ಒಂದು ಪ್ರತ್ಯೇಕ ಮನೆಯಲ್ಲಿ ಇರಿಸಿದ. ತಾಯಂದಿರಿಗೆ ಹಣ ಕೊಟ್ಟು ಸುಮಾರು ಇಪ್ಪತ್ತು ಕೂಸುಗಳನ್ನು ತಂದಿದ್ದರು ಎಂದು ಅವನ ಕಾಲದ ಚರಿತ್ರೆಕಾರ ಬದಾಯುನಿ ದಾಖಲಿಸಿದ್ದಾನೆ. ಕೆಲವು ಕೂಸುಗಳು ಸತ್ತವು. ಉಳಿದವುಗಳ ಬಾಯಿಂದ ಯಾವ ಭಾಷೆಯೂ ಹೊರಡಲಿಲ್ಲ. ಆ ಮನೆಗೆ ಮೂಕರ ಮಹಲು ಎಂದೇ ಹೆಸರಾಯಿತು.

ಆ ತಾಯಂದಿರನ್ನು ಸ್ವಯಂಸೇವಕರು ಎನ್ನಲಾದೀತೇ? ಕೇಳುವವನು ದೊರೆ, ಕೊಡುವವರು ಬಡವರು. ನಡುವೆ ಹಣ ಬೇರೆ. ಒಲ್ಲೆ ಎನ್ನಲು ಅವಕಾಶ ಇಲ್ಲದ ಕಡೆ ಒಪ್ಪಿಗೆಗೂ ಅರ್ಥವಿಲ್ಲ. ಇಂದಿನ ಸಂಶೋಧನಾ ನೀತಿ ನಿಂತಿರುವುದು ಈ ಒಂದು ತಿಳಿವಳಿಕೆಯ ಮೇಲೆ.

ಮುಂದೆ 19ನೇ ಶತಮಾನದಲ್ಲಿ ವಿದ್ವಾಂಸರು ತಮ್ಮ ಮನೆಯ ಮಕ್ಕಳನ್ನೇ ನೋಡಿ ದಿನಚರಿ ಬರೆಯತೊಡಗಿದರು. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತಮ್ಮ ಮೊದಲ ಮಗನ ಬಗ್ಗೆ ಮಾಡಿಕೊಂಡಿದ್ದ ಟಿಪ್ಪಣಿಗಳನ್ನು 1877ರಲ್ಲಿ ಪ್ರಕಟಿಸಿದರು. ಭಾಷಾಶಾಸ್ತ್ರಜ್ಞ ವರ್ನರ್ ಲಿಯೋಪೋಲ್ಡ್ ಇಂಗ್ಲಿಷ್ ಮತ್ತು ಜರ್ಮನ್ ಎರಡನ್ನೂ ಕೇಳುತ್ತ ಬೆಳೆದ ತಮ್ಮ ಮಗಳ ಮಾತಿನ ಬಗ್ಗೆ ನಾಲ್ಕು ಸಂಪುಟ ಬರೆದರು. ಇವು ಪ್ರೀತಿಯಿಂದ ಮಾಡಿದ ಅಮೂಲ್ಯ ಕೆಲಸಗಳು. ಆದರೆ ಇಲ್ಲಿ ಆಯ್ಕೆ ಎಂಬುದೇ ಇರಲಿಲ್ಲ. ವಿದ್ವಾಂಸರ ಮನೆಯ ಮಗು ಹೇಗೆ ಮಾತು ಕಲಿಯಿತು ಎನ್ನುವುದಷ್ಟೇ ಗೊತ್ತಾಗುತ್ತಿತ್ತು. ಜೊತೆಗೆ ಅಪ್ಪನ ಕಿವಿಗೆ ಚಂದ ಕಂಡ ಮಾತುಗಳೇ ಪುಸ್ತಕದಲ್ಲಿ ಹೆಚ್ಚು ಉಳಿಯುವ ಅಪಾಯವೂ ಇತ್ತು.

ಸುಮಾರು 30 ಮಕ್ಕಳಲ್ಲಿ ಮೂವರು

1962ರಲ್ಲಿ ಬ್ರೌನ್ ಬೇರೆಯವರ ಮನೆಗೆ ಟೇಪ್ ರೆಕಾರ್ಡರ್ ಕಳಿಸುವ ಯೋಜನೆ ಶುರುಮಾಡಿದರು. ಅರ್ಸುಲಾ ಬೆಲ್ಲೂಗಿ, ಕಾಲಿನ್ ಫ್ರೇಸರ್, ಕೋರ್ಟ್‌ನಿ ಕ್ಯಾಸ್ಡನ್ ಮೊದಲಾದ ಕಿರಿಯರು ಜೊತೆಗಿದ್ದರು. ಸುಮಾರು 30 ಮಕ್ಕಳನ್ನು ಪರಿಶೀಲಿಸಿ ಮೂವರನ್ನು ಆರಿಸಿಕೊಂಡರು. ಅವರ ಮೂರು ಅಳತೆಗಳು ಹೀಗಿದ್ದವು.

ಒಂದು, ಮಗು ಆಗಷ್ಟೇ ಎರಡು ಮೂರು ಪದ ಜೋಡಿಸಿ ಮಾತಾಡಲು ಶುರುಮಾಡಿರಬೇಕು. ತೀರಾ ಮುಂಚೆ ಹೋದರೆ ವ್ಯಾಕರಣ ಸಿಗುವುದಿಲ್ಲ, ತಡವಾಗಿ ಹೋದರೆ ಆರಂಭ ಕೈತಪ್ಪಿಹೋಗುತ್ತದೆ.

ಎರಡು, ಮಗುವಿನ ಉಚ್ಚಾರ ಸ್ಪಷ್ಟವಾಗಿರಬೇಕು. ಟೇಪಿನಲ್ಲಿ ಕೇಳಿ ಬರೆದುಕೊಳ್ಳುವವರಿಗೆ ಅರ್ಥವಾಗಬೇಕಲ್ಲ.

ಮೂರು, ಮಗು ವಾಚಾಳಿಯಾಗಿರಬೇಕು. ಎರಡು ಗಂಟೆಯಲ್ಲಿ ಹತ್ತು ಮಾತಾಡುವ ಮಗುವಿನಿಂದ ಲೆಕ್ಕ ಹಾಕುವಷ್ಟು ಸಾಮಗ್ರಿ ಸಿಗದು.

ಆಯ್ಕೆಯಾದ ಮಕ್ಕಳಿಗೆ ಇಟ್ಟ ಗುಪ್ತನಾಮ ಆಡಂ, ಈವ್, ಸಾರಾ. ಆಡಂನ ತಂದೆ ಚರ್ಚಿನ ಪಾದ್ರಿ, ಕುಟುಂಬ ಕರಿಯ ಜನಾಂಗದ್ದು. ಈವ್‌ಳ ತಂದೆ ಆಗ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಸಾರಾಳದು ದುಡಿಯುವ ವರ್ಗದ ಮನೆ, ತಂದೆ ಗುಮಾಸ್ತ. ಶುರುವಿನಲ್ಲಿ ಈವ್‌ಳಿಗೆ 18 ತಿಂಗಳು, ಉಳಿದಿಬ್ಬರಿಗೆ 27 ತಿಂಗಳು. ಮೂವರೇ ಆದರೂ ಮೂರು ಬೇರೆ ಬೇರೆ ಬಗೆಯ ಮನೆಗಳು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಹೆಸರು ಮರೆಸಿದ್ದೂ ಸಣ್ಣ ಮಾತಲ್ಲ. ಈ ಮೂರು ಮಕ್ಕಳ ತೊದಲು ನುಡಿ ಆಮೇಲೆ ಜಗತ್ತಿನಾದ್ಯಂತ ಪಠ್ಯಪುಸ್ತಕ ಸೇರಿತು. ಎರಡು ವರ್ಷದ ಮಗುವಿಗೆ ಅದಕ್ಕೆ ಒಪ್ಪಿಗೆ ಕೊಡುವ ಶಕ್ತಿ ಇರುವುದಿಲ್ಲ. ಗುಪ್ತನಾಮ ಇದ್ದುದರಿಂದ ಆ ಮಕ್ಕಳು ದೊಡ್ಡವರಾದ ಮೇಲೂ ತಮ್ಮ ಪಾಡಿಗೆ ತಾವು ಬದುಕಲು ಅವಕಾಶ ಉಳಿಯಿತು.

ಮನೆಯ ಮಾತು ಮನೆಯಲ್ಲೇ

ಮಕ್ಕಳನ್ನು ಪ್ರಯೋಗಾಲಯಕ್ಕೆ ಕರೆಸಲಿಲ್ಲ. ಸಂಶೋಧಕರೇ ಮನೆಗೆ ಹೋದರು. ಮಗು ಆಡುತ್ತಿರಲಿ, ಉಣ್ಣುತ್ತಿರಲಿ, ಅಮ್ಮನ ಜೊತೆ ಹಟ ಮಾಡುತ್ತಿರಲಿ, ಟೇಪ್ ಓಡುತ್ತಿತ್ತು. ಮಗು ಏನು ತೋರಿಸಿ ಏನು ಹೇಳಿತು ಎಂಬ ಟಿಪ್ಪಣಿಯೂ ಬೇಕಿತ್ತು. ಯಾಕೆಂದರೆ ‘ಅಮ್ಮ ಚಪ್ಪಲಿ’ ಎಂಬ ಎರಡು ಪದಕ್ಕೆ ಅಮ್ಮನ ಚಪ್ಪಲಿ ಎಂದೂ ಅರ್ಥ, ಅಮ್ಮ ಚಪ್ಪಲಿ ಹಾಕು ಎಂದೂ ಅರ್ಥ. ಪಕ್ಕದಲ್ಲಿದ್ದವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ಒಂಬತ್ತು ತಿಂಗಳಾದ ಮೇಲೆ ಈವ್‌ಳ ಕುಟುಂಬ ಬೇರೆ ಊರಿಗೆ ಹೊರಟುಹೋಯಿತು. ಅಲ್ಲಿಗೆ ಅವಳ ಭಾಗ ಮುಗಿಯಿತು. ಆಡಂ ಮತ್ತು ಸಾರಾರ ದಾಖಲೆ ಅವರಿಗೆ ಐದು ವರ್ಷ ಸಮೀಪಿಸುವವರೆಗೂ ಮುಂದುವರಿಯಿತು. ಈವ್‌ಳ 20, ಆಡಂನ 55, ಸಾರಾಳ 139 ಭೇಟಿಗಳ ಬರಹರೂಪ ಇವತ್ತಿಗೂ ಉಳಿದಿದೆ. ಒಂದು ಕುಟುಂಬ ಒಟ್ಟು 139 ಸಲ ಬಾಗಿಲು ತೆರೆಯಿತು ಎಂದರೆ ಯೋಚಿಸಿ. ವಿಜ್ಞಾನಕ್ಕೆ ಹೆಸರು ಬಂದದ್ದು ಬ್ರೌನ್ ಅವರಿಂದ ನಿಜ, ಆದರೆ ಸಮಯ ಕೊಟ್ಟವರು ಆ ತಾಯಂದಿರು.

ಹಾರ್ವರ್ಡ್‌ನಲ್ಲಿ ವಾರಕ್ಕೊಮ್ಮೆ ಎಲ್ಲರೂ ಸೇರಿ ಹೊಸದಾಗಿ ಬಂದ ಬರಹವನ್ನು ಓದಿ ಚರ್ಚಿಸುತ್ತಿದ್ದರು. ಮುಂದೆ ಈ ಕ್ಷೇತ್ರವನ್ನು ಬೆಳೆಸಿದ ಅನೇಕರು ಬ್ರೌನ್ ಅವರ ಬಳಿ ಕಲಿತವರೇ.

ಏನು ಗೊತ್ತಾಯಿತು?

1973ರಲ್ಲಿ ಬ್ರೌನ್ ಅವರ ‘ಎ ಫಸ್ಟ್ ಲ್ಯಾಂಗ್ವೇಜ್’ ಪುಸ್ತಕ ಹೊರಬಂತು. ನಮ್ಮ ದಿನನಿತ್ಯದ ನಂಬಿಕೆಗಳನ್ನು ಪರೀಕ್ಷಿಸಲು ಅದರಲ್ಲಿ ಮತ್ತು ಅದರ ಸುತ್ತಲಿನ ಅಧ್ಯಯನಗಳಲ್ಲಿ ಬೇಕಾದಷ್ಟು ಸರಕಿದೆ.

ನಂಬಿಕೆ: ಎಲ್ಲ ಮಕ್ಕಳೂ ಒಂದೇ ವಯಸ್ಸಿಗೆ ಒಂದೇ ಮಟ್ಟಕ್ಕೆ ಬರಬೇಕು.
ವಾಸ್ತವ: ಈವ್ ಎರಡೂಕಾಲು ವರ್ಷಕ್ಕೆ ತಲುಪಿದ ಮಟ್ಟಕ್ಕೆ ಬರಲು ಆಡಂ ಮತ್ತು ಸಾರಾರಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಮೂವರೂ ಆರೋಗ್ಯವಂತ ಮಕ್ಕಳೇ. ಹಾಗಾಗಿ ವಯಸ್ಸಿನ ಬದಲು, ಮಗುವಿನ ಒಂದು ಮಾತಿನಲ್ಲಿ ಸರಾಸರಿ ಎಷ್ಟು ಅರ್ಥಪೂರ್ಣ ತುಣುಕುಗಳಿವೆ ಎಂದು ಎಣಿಸಿ ಬೆಳವಣಿಗೆಯನ್ನು ಐದು ಹಂತಗಳಾಗಿ ವಿಂಗಡಿಸುವ ಪದ್ಧತಿಯನ್ನು ಬ್ರೌನ್ ಬಳಕೆಗೆ ತಂದರು.

ನಂಬಿಕೆ: ಮಗು ಹೆಚ್ಚು ಸಲ ಕೇಳಿದ್ದನ್ನೇ ಮೊದಲು ಕಲಿಯುತ್ತದೆ.
ವಾಸ್ತವ: ಇಂಗ್ಲಿಷಿನ 14 ವ್ಯಾಕರಣ ರೂಪಗಳನ್ನು ಬ್ರೌನ್ ಹಿಂಬಾಲಿಸಿದರು. ಮೂವರ ವೇಗ ಬೇರೆ ಬೇರೆ ಇದ್ದರೂ ಸರದಿ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿತ್ತು. ತಂದೆತಾಯಿ ಯಾವ ರೂಪವನ್ನು ಎಷ್ಟು ಸಲ ಬಳಸಿದರು ಎನ್ನುವುದು ಆ ಸರದಿಯನ್ನು ವಿವರಿಸಲಿಲ್ಲ. 1973ರಲ್ಲೇ ಜಿಲ್ ಮತ್ತು ಪೀಟರ್ ಡಿ ವಿಲಿಯರ್ಸ್ 21 ಬೇರೆ ಮಕ್ಕಳಲ್ಲಿ ಪರೀಕ್ಷಿಸಿದಾಗಲೂ ಬಹುಮಟ್ಟಿಗೆ ಅದೇ ಸರದಿ ಕಂಡಿತು.

ನಂಬಿಕೆ: ತಿದ್ದಿದರೆ ಮಾತ್ರ ಮಗು ಸರಿಯಾದ ವ್ಯಾಕರಣ ಕಲಿಯುತ್ತದೆ.
ವಾಸ್ತವ: 1970ರಲ್ಲಿ ಬ್ರೌನ್ ಮತ್ತು ಕ್ಯಾಮಿಲ್ ಹ್ಯಾನ್ಲನ್ ಈ ಟೇಪುಗಳನ್ನು ಪರಿಶೀಲಿಸಿದಾಗ, ತಂದೆತಾಯಿ ಹೌದು ಅಲ್ಲ ಎನ್ನುವುದು ಮಾತಿನ ಸತ್ಯ ನೋಡಿಯೇ ಹೊರತು ವ್ಯಾಕರಣ ನೋಡಿ ಅಲ್ಲ ಎಂದು ಕಂಡಿತು. ನಮ್ಮ ಮನೆಯಲ್ಲೂ ಹೀಗೆಯೇ. ರಸ್ತೆಯಲ್ಲಿ ಎಮ್ಮೆ ನೋಡಿ ಮಗು ‘ಎಮ್ಮೆ ಬಂದ’ ಅಂದರೆ, ಹೌದು ಪುಟ್ಟ, ಎಮ್ಮೆ ಬಂತು ಎನ್ನುತ್ತೀರಿ. ಹಸುವನ್ನು ನೋಡಿ ‘ಎಮ್ಮೆ ಬಂತು’ ಅಂದರೆ, ಅಲ್ಲ ಅದು ಹಸು ಎನ್ನುತ್ತೀರಿ. ವ್ಯಾಕರಣ ತಪ್ಪಿದಾಗ ಹೌದು, ವ್ಯಾಕರಣ ಸರಿಯಿದ್ದಾಗ ಅಲ್ಲ! ಆದರೂ ಮಗು ವ್ಯಾಕರಣ ಕಲಿಯುತ್ತದೆ. ಗದರಿ ತಿದ್ದದಿದ್ದರೂ ನೀವು ಸಹಜವಾಗಿ ಸರಿಯಾದ ರೂಪವನ್ನು ಮತ್ತೆ ಹೇಳುತ್ತೀರಿ, ಅದೂ ಮಗುವಿಗೆ ಸಹಾಯವಾಗುತ್ತದೆ ಎಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ.

ನಂಬಿಕೆ: ಮಗು ತಪ್ಪು ರೂಪ ಬಳಸಿದರೆ ಮಾತು ಹಿಂದೆ ಬೀಳುತ್ತಿದೆ ಎಂದರ್ಥ.
ವಾಸ್ತವ: ‘ಹಾಡಿದೆ’, ‘ಓಡಿದೆ’ ಎಂದು ಕೇಳಿದ ಮಗು ‘ತಿಂದೆ’ ಬದಲು ‘ತಿನ್ನಿದೆ’ ಅಂದರೆ ಅದು ನಿಯಮ ಹಿಡಿದಿದೆ ಎಂದರ್ಥ. ಇಂಥ ತಪ್ಪುಗಳು ನಾವು ಅಂದುಕೊಂಡಷ್ಟು ಹೆಚ್ಚೂ ಅಲ್ಲ. 1992ರಲ್ಲಿ ಬ್ರೌನ್ ಅವರ ಶಿಷ್ಯ ಸ್ಟೀವನ್ ಪಿಂಕರ್ ಮತ್ತು ಸಂಗಡಿಗರು ಆಡಂ, ಈವ್, ಸಾರಾ ಸೇರಿದಂತೆ 83 ಇಂಗ್ಲಿಷ್ ಮಕ್ಕಳ ದಾಖಲೆ ನೋಡಿದರು. ನಿಯಮ ಮೀರಿದ ಭೂತಕಾಲದ ಕ್ರಿಯಾಪದಗಳಲ್ಲಿ ಇಂಥ ತಪ್ಪಿನ ಮಧ್ಯಮ ಪ್ರಮಾಣ ಸುಮಾರು ಶೇ. 2.5 ಮಾತ್ರ ಇತ್ತು. ತಮಾಷೆಯ ತಪ್ಪುಗಳು ನಮ್ಮ ನೆನಪಿನಲ್ಲಿ ಉಳಿಯುತ್ತವೆ, ಸರಿಯಾದ ಮಾತುಗಳು ಮರೆತುಹೋಗುತ್ತವೆ. ಟೇಪ್ ಮಾತ್ರ ಎರಡನ್ನೂ ಉಳಿಸಿಕೊಳ್ಳುತ್ತದೆ.

ಆಯ್ಕೆಗೆ ತೆರುವ ಬೆಲೆ

ಬ್ರೌನ್ ಅವರ ಮೂರು ಅಳತೆಗಳನ್ನು ಇನ್ನೊಮ್ಮೆ ನೋಡಿ. ಅಸ್ಪಷ್ಟವಾಗಿ ಮಾತಾಡುವ ಮಗು ಹೊರಗೆ. ಕಡಿಮೆ ಮಾತಾಡುವ, ನಾಚಿಕೆಯ ಮಗು ಹೊರಗೆ. ಕೆಲಸಕ್ಕೆ ಅವು ಒಳ್ಳೆಯ ಅಳತೆಗಳೇ. ಆದರೆ ಆರಿಸಿಕೊಂಡ ಮೂವರೂ ಇಂಗ್ಲಿಷ್ ಮನೆಗಳ ಮಾತುಗಾರ ಮಕ್ಕಳು. ಅವರಿಂದ ಬಂದ ಹಂತಗಳು ಕಾಲಕ್ರಮೇಣ ಮಕ್ಕಳ ಮಾತನ್ನು ಅಳೆಯುವ ಕೋಲಾಗಿ ಚಿಕಿತ್ಸಾ ಕೋಣೆಗೂ ಬಂದವು. ಕೋಲು ಮಾಡುವಾಗ ಹೊರಗಿದ್ದ ಮಗುವನ್ನೂ ಅದೇ ಕೋಲಿನಿಂದ ಅಳೆಯುವಾಗ ಎಚ್ಚರ ಬೇಕು.

ಕನ್ನಡಕ್ಕೆ ಈ ಕೋಲು ಎಷ್ಟು ಹೊಂದುತ್ತದೆ? ‘ಮನೆಗೆ ಹೋದೆವು’ ಎನ್ನುವಲ್ಲಿ ಪದಗಳು ಎರಡೇ. ತುಣುಕು ಬಿಡಿಸಿದರೆ ಮನೆ, ಗೆ, ಹೋ, ಭೂತಕಾಲದ ದ, ನಾವು ಎಂದು ಸೂಚಿಸುವ ಎವು, ಹೀಗೆ ಐದು. ಇಂಗ್ಲಿಷಿನಲ್ಲಿ ಬಿಡಿ ಪದಗಳು ಮಾಡುವ ಎಷ್ಟೋ ಕೆಲಸವನ್ನು ಕನ್ನಡದಲ್ಲಿ ಪ್ರತ್ಯಯಗಳು ಮಾಡುತ್ತವೆ. ಆದ್ದರಿಂದ ಇಂಗ್ಲಿಷ್ ಮಗುವಿನ ಸಂಖ್ಯೆಯನ್ನು ತಂದು ಕನ್ನಡದ ಮಗುವಿನ ಪಕ್ಕ ಇಟ್ಟರೆ ಹೋಲಿಕೆಯೇ ತಪ್ಪಾಗುತ್ತದೆ.

ಯಾರನ್ನು ಸೇರಿಸಿಕೊಂಡರು ಎನ್ನುವುದು ಎಷ್ಟು ಮುಖ್ಯ ಎನ್ನಲು ಇನ್ನೊಂದು ಪ್ರಸಿದ್ಧ ಉದಾಹರಣೆ ಇದೆ. 1995ರಲ್ಲಿ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ 42 ಅಮೆರಿಕನ್ ಕುಟುಂಬಗಳ ಅಧ್ಯಯನ ಪ್ರಕಟಿಸಿದರು. ಬಡವರ ಮಕ್ಕಳು ನಾಲ್ಕು ವರ್ಷದೊಳಗೆ ಮೂರು ಕೋಟಿ ಪದ ಕಡಿಮೆ ಕೇಳುತ್ತಾರೆ ಎಂಬ ಮಾತು ಅಲ್ಲಿಂದ ಹರಡಿತು. ಆ 42ರಲ್ಲಿ ಸರ್ಕಾರಿ ನೆರವಿನ ಮೇಲೆ ಬದುಕುತ್ತಿದ್ದ ಕುಟುಂಬಗಳು ಆರು ಮಾತ್ರ. ಮುಂದೆ ಡಗ್ಲಸ್ ಸ್ಪೆರಿ ಮತ್ತು ಸಂಗಡಿಗರು ಬೇರೆ ಸಮುದಾಯಗಳಲ್ಲಿ ನೋಡಿ, ತಾಯಿಯಲ್ಲದೆ ಮನೆಯ ಇತರರ ಮಾತನ್ನೂ ಲೆಕ್ಕಕ್ಕೆ ಹಿಡಿದಾಗ ಆ ಅಂತರ ಹಾಗೆ ಕಾಣಲಿಲ್ಲ. ಅಜ್ಜಿ, ಅತ್ತೆ, ಪಕ್ಕದ ಮನೆಯ ಅಕ್ಕ ಎಲ್ಲರೂ ಮಗುವನ್ನು ಮಾತಾಡಿಸುವ ವಠಾರವನ್ನು ತಾಯಿ-ಮಗು ಇಬ್ಬರದೇ ಲೆಕ್ಕದಿಂದ ಅಳೆಯಲಾಗದು.

ಕನ್ನಡದ ಮಕ್ಕಳು ಹೇಳಿಕೊಟ್ಟದ್ದು

ಬ್ರೌನ್ ಅವರಿಗೂ ಈ ಮಿತಿ ಗೊತ್ತಿತ್ತು. ತಮ್ಮ ಪುಸ್ತಕದಲ್ಲಿ ಅವರು ಫಿನ್ನಿಷ್, ಸಮೋವನ್ ಮುಂತಾದ ಭಾಷೆಗಳ ಮಕ್ಕಳ ಬಗ್ಗೆ ಆಗ ಸಿಕ್ಕಿದ್ದ ಅಧ್ಯಯನಗಳನ್ನೂ ಹೋಲಿಸಿ ನೋಡಿದರು. 1984ರಲ್ಲಿ ಬ್ರಯಾನ್ ಮ್ಯಾಕ್‌ವಿನಿ ಮತ್ತು ಕ್ಯಾಥರೀನ್ ಸ್ನೋ ಮಕ್ಕಳ ಮಾತಿನ ದಾಖಲೆಗಳಿಗಾಗಿ ‘ಚೈಲ್ಡ್ಸ್’ ಎಂಬ ಭಂಡಾರ ತೆರೆದಾಗ ಆಡಂ, ಈವ್, ಸಾರಾರ ದಾಖಲೆಗಳು ಅಲ್ಲಿಗೆ ಸೇರಿದವು. ಈಗ ಅದರಲ್ಲಿ ಹಲವು ಭಾಷೆಗಳಿವೆ. ಭಾರತದ ಆರಂಭದ ಕಂಪ್ಯೂಟರ್‌ಗಳಲ್ಲೊಂದಾದ ಟಿಫ್ರ್ಯಾಕ್ ಕಟ್ಟಿದ ತಂಡದ ಮುಂದಾಳು ಆರ್. ನರಸಿಂಹನ್ ಅವರು ಸಂಗ್ರಹಿಸಿದ ತಮಿಳು ಮಗುವೊಂದರ ಮಾತೂ ಅಲ್ಲಿದೆ.

ಕನ್ನಡದ ಮಕ್ಕಳಿಂದ ಜಗತ್ತು ಕಲಿತ ಪಾಠವೂ ಒಂದಿದೆ. ಕನ್ನಡದಲ್ಲಿ ‘ಓಡು’ ಎಂಬುದಕ್ಕೆ ‘ಇಸು’ ಸೇರಿಸಿದರೆ ‘ಓಡಿಸು’ ಆಗುತ್ತದೆ. ಬೇರೆಯವರಿಂದ ಮಾಡಿಸುವ ಅರ್ಥ ಬರುತ್ತದೆ. ಇಂಗ್ಲಿಷಿನಲ್ಲಿ ಇಂಥ ಒಂದು ಸಲೀಸಾದ ಪ್ರತ್ಯಯ ಇಲ್ಲ. ಜೆಫ್ರಿ ಲಿಡ್ಸ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷದ ಕನ್ನಡ ಮಕ್ಕಳಿಗೆ ವಾಕ್ಯ ಹೇಳಿ ಆಟಿಕೆಗಳಿಂದ ಆಡಿ ತೋರಿಸಲು ಹೇಳಿದರು. ಮಾಡಿಸುವ ಅರ್ಥವನ್ನು ಮಕ್ಕಳು ಯಾವುದರಿಂದ ಹಿಡಿಯುತ್ತಾರೆ, ‘ಇಸು’ ಪ್ರತ್ಯಯದಿಂದಲೋ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದರಿಂದಲೋ? ಮಕ್ಕಳು ನಾಮಪದಗಳ ಸಂಖ್ಯೆಯನ್ನೇ ನಂಬಿದರು. ಕಿವಿಗೆ ಸ್ಪಷ್ಟವಾಗಿ ಬೀಳುವ ಪ್ರತ್ಯಯಕ್ಕಿಂತ ವಾಕ್ಯದ ಕಟ್ಟೋಣಕ್ಕೆ ಅವರು ಹೆಚ್ಚು ಬೆಲೆ ಕೊಟ್ಟರು.

ಇಂಗ್ಲಿಷ್ ಮಕ್ಕಳಲ್ಲಿ ಈ ಎರಡು ಸುಳಿವುಗಳನ್ನು ಹೀಗೆ ಬೇರ್ಪಡಿಸಿ ನೋಡುವುದೇ ಕಷ್ಟ. ಕನ್ನಡದ ಕೆಲವು ತಂದೆತಾಯಿಗಳು ತಮ್ಮ ಮಕ್ಕಳನ್ನು ಅರ್ಧ ಗಂಟೆ ಆಟಿಕೆಗಳ ಮುಂದೆ ಕೂರಿಸಲು ಒಪ್ಪದಿದ್ದರೆ ಈ ಉತ್ತರ ಸಿಗುತ್ತಿರಲಿಲ್ಲ.

ಬ್ರೌನ್ ಅವರ ಕೊನೆಯ ವರ್ಷಗಳು

ಬ್ರೌನ್ ಒಂದೇ ವಿಷಯಕ್ಕೆ ಅಂಟಿಕೊಂಡವರಲ್ಲ. ನಾಲಿಗೆಯ ತುದಿಯಲ್ಲಿದ್ದೂ ಹೊರಬಾರದ ಪದದ ಬಗ್ಗೆ 1966ರಲ್ಲಿ ಡೇವಿಡ್ ಮೆಕ್‌ನೀಲ್ ಜೊತೆ, ಆಘಾತದ ಸುದ್ದಿ ಕೇಳಿದ ಕ್ಷಣ ಫೋಟೊ ತೆಗೆದಂತೆ ನೆನಪಿನಲ್ಲಿ ಉಳಿಯುವ ಬಗ್ಗೆ 1977ರಲ್ಲಿ ಜೇಮ್ಸ್ ಕುಲಿಕ್ ಜೊತೆ ಅಧ್ಯಯನ ಮಾಡಿದರು. ಮಕ್ಕಳ ಮಾತಿನ ಮುಂದಿನ ಹಂತಗಳ ಬಗ್ಗೆ ಅವರು ಬರೆಯಬೇಕೆಂದಿದ್ದ ಎರಡನೇ ಸಂಪುಟ ಮಾತ್ರ ಬರಲೇ ಇಲ್ಲ. ಸಂಗಾತಿ ಗಿಲ್ಮನ್ 1989ರಲ್ಲಿ ತೀರಿಕೊಂಡರು. ಆ ನಂತರದ ಒಂಟಿತನದ ಬಗ್ಗೆ ಬ್ರೌನ್ 1996ರಲ್ಲಿ ಒಂದು ಆತ್ಮಕಥನ ಪ್ರಕಟಿಸಿದರು. 1997ರ ಡಿಸೆಂಬರ್ 11ರಂದು, 72ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು.

ನಿಮ್ಮ ಮನೆಗೆ ಸಂಶೋಧಕರು ಬಂದರೆ

ಈಗ ಮಾಗಡಿ ರಸ್ತೆಯ ಸುಂಕದಕಟ್ಟೆಗೆ ಬನ್ನಿ. ಹೆಸರೇ ಹೇಳುವಂತೆ ಹಿಂದೆ ಸುಂಕ ವಸೂಲಿ ಮಾಡುತ್ತಿದ್ದ ಜಾಗ. ಈಗ ಗಾರ್ಮೆಂಟ್ಸ್, ಪೀಣ್ಯದ ಕಾರ್ಖಾನೆ, ಸಣ್ಣ ವರ್ಕ್‌ಶಾಪ್‌ಗಳಿಗೆ ಹೋಗುವವರ ಬಡಾವಣೆ. ಅಮ್ಮ ಶಿಫ್ಟ್‌ಗೆ ಹೋದಾಗ ಮಗು ಅಜ್ಜಿಯ ಹತ್ತಿರ. ಮನೆಯಲ್ಲಿ ಕನ್ನಡ, ಕೆಳಗಿನ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಉರ್ದು, ತಮಿಳು, ಮೊಬೈಲಿನಲ್ಲಿ ಹಿಂದಿ. 1962ರ ಅಳತೆಯಲ್ಲಿ ಇಂಥ ಮಗು ಆಯ್ಕೆಯಾಗುವುದು ಅನುಮಾನ. ಆದರೆ ನಮ್ಮ ಊರಿನ ಮಟ್ಟಿಗೆ ಇಂಥ ಮಗುವೇ ಸಾಮಾನ್ಯ. ಹಾಗಾಗಿ ಇಂಥ ಮನೆಗಳು ಅಧ್ಯಯನದಲ್ಲಿ ಸೇರುವುದು ಮುಖ್ಯ. ಹಲವು ಭಾಷೆ ಕೇಳುವುದರಿಂದ ಮಗುವಿನ ಮಾತು ಕೆಡುವುದಿಲ್ಲ. ಒಂದೊಂದು ಭಾಷೆಯ ಪದಗಳನ್ನು ಬೇರೆ ಬೇರೆ ಎಣಿಸಿದರೆ ಕಡಿಮೆ ಕಾಣಬಹುದು, ಎಲ್ಲ ಸೇರಿಸಿ ಎಣಿಸಬೇಕು.

ಸ್ಕ್ರೀನಿಂಗ್ ಹೊತ್ತಿನಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಹೀಗಿರುತ್ತವೆ: ಮಗು ಅವಧಿಗೆ ಮುನ್ನ ಹುಟ್ಟಿತೇ? ಕಿವಿ ಪರೀಕ್ಷೆ ಆಗಿದೆಯೇ, ಕಿವಿ ಸೋರುತ್ತದೆಯೇ? ದಿನದಲ್ಲಿ ಯಾರು, ಯಾವ ಭಾಷೆಯಲ್ಲಿ, ಎಷ್ಟು ಹೊತ್ತು ಮಾತಾಡಿಸುತ್ತಾರೆ? ಇವು ಕುಟುಂಬಕ್ಕೆ ಅಂಕ ಕೊಡುವ ಪ್ರಶ್ನೆಗಳಲ್ಲ. ಫಲಿತಾಂಶವನ್ನು ಸರಿಯಾಗಿ ಅರ್ಥಮಾಡಿಕೊಳ್ಳಲು ಬೇಕಾದ ವಿವರ ಅಷ್ಟೇ. ನಿಮ್ಮ ಮಗು ಆಯ್ಕೆಯಾಗದಿದ್ದರೆ ಮಗುವಿನಲ್ಲಿ ದೋಷವಿದೆ ಎಂದಲ್ಲ. ಬ್ರೌನ್ ಬಿಟ್ಟ ಸುಮಾರು ಇಪ್ಪತ್ತೇಳು ಮಕ್ಕಳಂತೆ, ಆ ಒಂದು ಪ್ರಶ್ನೆಗೆ ಹೊಂದಲಿಲ್ಲ ಎಂದಷ್ಟೇ ಅರ್ಥ. ಇದನ್ನು ತಾಯಿಗೆ ಬಿಡಿಸಿ ಹೇಳುವುದು ಸಂಶೋಧಕರ ಕರ್ತವ್ಯ.

ಒಪ್ಪುವ ಮುಂಚೆ ನೀವು ಕೇಳಬೇಕಾದದ್ದು:

- ಅಧ್ಯಯನ ಯಾವುದಕ್ಕೆ, ಯಾವ ಸಂಸ್ಥೆಯದು, ನೈತಿಕ ಸಮಿತಿಯ ಅನುಮತಿ ಇದೆಯೇ?
- ಒಪ್ಪಿಗೆ ಪತ್ರ ನಿಮಗೆ ಗೊತ್ತಿರುವ ಭಾಷೆಯಲ್ಲಿ ಇದೆಯೇ? ಓದಲು ಬಾರದವರಿಗೆ ಓದಿ ಹೇಳುತ್ತಾರೆಯೇ?
- ಧ್ವನಿಮುದ್ರಣ ಯಾರು ಕೇಳುತ್ತಾರೆ, ಹೆಸರು ಮರೆಸುತ್ತಾರೆಯೇ, ಬೇಡವೆಂದರೆ ಅಳಿಸುತ್ತಾರೆಯೇ?
- ಪಕ್ಕದ ಮನೆಯವರ, ನೆಂಟರ ದನಿಯೂ ಬಿದ್ದರೆ ಏನು ಮಾಡುತ್ತಾರೆ?
- ಮಗು ಅತ್ತರೆ, ನಿದ್ದೆಗೆ ಜಾರಿದರೆ ಅಲ್ಲಿಗೇ ನಿಲ್ಲಿಸುತ್ತಾರೆಯೇ?
- ಬಸ್ಸಿನ ಖರ್ಚು, ಕಳೆದುಕೊಂಡ ದುಡಿಮೆಯ ಹೊತ್ತಿಗೆ ಏನು ವ್ಯವಸ್ಥೆ?

ಯಾವ ಹಂತದಲ್ಲೂ ಕಾರಣ ಕೊಡದೆ ಹೊರಬರುವ ಹಕ್ಕು ನಿಮಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ತಂದೆತಾಯಿಯ ಒಪ್ಪಿಗೆಯ ಜೊತೆ, 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಅಂಗನವಾಡಿಯವರೋ ವೈದ್ಯರೋ ಹೇಳಿಕಳಿಸಿದರು ಎಂಬ ಕಾರಣಕ್ಕೆ ಒಲ್ಲೆ ಎನ್ನಲು ಹಿಂಜರಿಯಬೇಕಿಲ್ಲ.

ಕೊನೆಗೆ ಒಂದು ಎಚ್ಚರಿಕೆ. ಸಂಶೋಧನೆ ಚಿಕಿತ್ಸೆಯಲ್ಲ. ಕರೆದರೆ ತಿರುಗಿ ನೋಡದ, ಒಂದೂವರೆ ವರ್ಷವಾದರೂ ಒಂದೂ ಪದ ಆಡದ, ಎರಡು ವರ್ಷವಾದರೂ ಎರಡು ಪದ ಜೋಡಿಸದ, ಬಂದ ಮಾತನ್ನು ಕಳೆದುಕೊಂಡ ಮಗುವಿದ್ದರೆ ಅಧ್ಯಯನಕ್ಕೆ ಕಾಯಬೇಡಿ, ಬಜೆಗೂ ಕಾಯಬೇಡಿ. ಗಂಡೋ ಹೆಣ್ಣೋ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬಾಗಿಲು ಬಡಿದ ಸದ್ದಿಗೆ ತಿರುಗುವ ಮಗುವಿಗೂ ಮಾತು ಸರಿಯಾಗಿ ಕೇಳಿಸದೇ ಇರಬಹುದು. 1965ರಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತಜ್ಞರಿದ್ದಾರೆ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವನ್ನೂ ಕೇಳಬಹುದು.

ಮಗುವಿನ ಮಾತಿನಲ್ಲಿ ತೊಂದರೆ ಇಲ್ಲದಿದ್ದರೆ, ನೀತಿನಿಯಮ ಪಾಲಿಸುವ ಅಧ್ಯಯನವೊಂದಕ್ಕೆ ನಿಮ್ಮ ಮನೆಯ ಬಾಗಿಲು ತೆರೆಯಬಹುದೇ ಎಂದು ಯೋಚಿಸಿ. ಮೂರು ಇಂಗ್ಲಿಷ್ ಮಕ್ಕಳಿಂದ ಮಾಡಿದ ಕೋಲಿನ ಪಕ್ಕದಲ್ಲಿ ಕನ್ನಡದ ಮಕ್ಕಳಿಂದ ಮಾಡಿದ ಕೋಲೂ ಬೇಕು. ಅದು ಆಗುವುದು ನಮ್ಮ ಮನೆಗಳಿಂದಲೇ.